ಅಕ್ಕಿ ಎರಚುವ ಕುಣಿತ

"ಇದೆಂತ, ಡ್ಯಾನ್ಸಾ? ಕೋಳಿಗೆ ಅಕ್ಕಿ ಹಾಕುವುದಾ?" ಜ್ಯೋತ್ಸ್ನಾ ಫ್ಲಾಯ್ಡನ ಕಿವಿಯಲ್ಲಿ ಹೇಳಿ ನಕ್ಕಳು.

ದೋಹಾದ ಆ ಶಾಲೆಯ ಸಭಾಂಗಣದಲ್ಲಿ ಹುಡುಗಿಯರು ಹಿತ್ತಾಳೆಯ ಬಟ್ಟಲು ಹಿಡಿದು, ಹೆಜ್ಜೆ ಎತ್ತಿಯೂ ಎತ್ತದ ಹಾಗೆ ಸರಿಯುತ್ತಿದ್ದರು. ಕಲಿಸುತ್ತಿದ್ದವಳು ಚಿತ್ರಕಲೆಯ ಟೀಚರ್ ಸಫಿಯಾ, ಇಂಡೋನೇಷ್ಯಾದವಳು. ಬಂದವರನ್ನು ಅಕ್ಕಿ ಎರಚಿ ಬರಮಾಡಿಕೊಳ್ಳುವ ತನ್ನ ಬುಗಿಸ್ ಜನರ ಈ ಕುಣಿತ ಮಗಳು ನಹ್ಲಾಳ ಕಾಲಕ್ಕೇ ಮುಗಿದುಹೋಗಬಾರದೆಂದು ಅವಳ ಹಠ. ಜ್ಯೋತ್ಸ್ನಾಳಿಗೆ ಅದನ್ನು ಕೇಳಿದರೇ ಆಕಳಿಕೆ. ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ಸಿನಿಮಾ ಡ್ಯಾನ್ಸ್ ಕ್ಲಾಸಿಗೆ ಹೆಸರಾದವಳು ಅವಳು. ಸ್ವಂತ ಮಗಳು ಮೋಕ್ಷಾ ಈ ಗುಂಪಿಗೆ ಸೇರಿದ್ದು ಮರ್ಯಾದೆ ಹೋದ ಹಾಗಾಗಿತ್ತು.

ಶಾಲೆಯ ವಾರ್ಷಿಕೋತ್ಸವ ಕಾರ್ಯಕ್ರಮದ ಹೊಣೆ ಹೊತ್ತ ಫ್ಲಾಯ್ಡ್ ತಲೆ ಕೆರೆದುಕೊಂಡ. "ಗೆಸ್ಟ್ ನಿದ್ದೆ ಮಾಡ್ತಾರೆ ಮಾರಾಯ್ರೆ. ನೀವೇ ಸ್ವಲ್ಪ ಫಾಸ್ಟ್ ಮಾಡಿ."

ಜ್ಯೋತ್ಸ್ನಾ ಅದಕ್ಕೇ ಕಾದಿದ್ದಳು. ಡ್ರಮ್ಸಿನ ಅಬ್ಬರ ಸೇರಿಸಿ, ಹುಡುಗಿಯರಿಗೆ ಸೊಂಟ ಕುಣಿಸಲು, ಬಟ್ಟಲು ಮೇಲಕ್ಕೆಸೆದು ಹಿಡಿಯಲು ಕಲಿಸಿದಳು. ಸಫಿಯಾ ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದಳು. ಬಂದವಳು ಇಷ್ಟೇ ಹೇಳಿದಳು: "ಮಕ್ಕಳು ಕುಣಿಯಲಿ. ಇದಕ್ಕೆ ನಮ್ಮವರ ಹೆಸರು ಮಾತ್ರ ಹೇಳಬೇಡಿ." ನಹ್ಲಾಳನ್ನು ಕರೆದುಕೊಂಡು ಹೋದಳು.

"ಅಷ್ಟೇ ಅಲ್ವಾ? ಖಲಾಸ್." ಇಷ್ಟು ಸುಲಭಕ್ಕೆ ಸೋತವಳ ಮೇಲೆ ಜ್ಯೋತ್ಸ್ನಾಳಿಗೆ ಇನ್ನಷ್ಟು ತಾತ್ಸಾರ ಹುಟ್ಟಿತು.

ಕಾರ್ಯಕ್ರಮದ ದಿನ 'ಏಷ್ಯನ್ ಫ್ಯೂಷನ್' ಎಂದು ಮೈಕಿನಲ್ಲಿ ಕೂಗಿದರು. ಒಂದು ಬಟ್ಟಲು ಕೈತಪ್ಪಿ ಉರುಳಿ, ಅಕ್ಕಿಯೆಲ್ಲ ಮುಂದಿನ ಸಾಲಿನವರ ಕೋಟಿನ ಮೇಲೆ ಬಿತ್ತು, ಅದಕ್ಕೂ ಶಿಳ್ಳೆ. ಪರದೆಯ ಪಕ್ಕದಿಂದ ಜ್ಯೋತ್ಸ್ನಾ ಆ ಮುಖಗಳನ್ನು ನೋಡಿದಳು. ಅರ್ಧಕ್ಕರ್ಧ ಜನ ಫೋನಿನಿಂದ ಕಣ್ಣೆತ್ತದೆಯೇ ಚಪ್ಪಾಳೆ ಹೊಡೆಯುತ್ತಿದ್ದರು. ಏನು ಹಾಕಿದರೂ ತಿನ್ನುವ ಕುರಿಗಳು, ಅಂದುಕೊಂಡಳು. ಹಾಕಿದವಳು ತಾನೇ ಎಂಬುದು ಆಮೇಲೆ ಹೊಳೆಯಿತು. ಫ್ಲಾಯ್ಡ್ ಬಂದು ದೊಡ್ಡ ಹೂಗುಚ್ಛ ಕೊಟ್ಟ.

ಮೇಕಪ್ ಕೋಣೆಯಲ್ಲಿ ಸಫಿಯಾ ಇದ್ದಳು. ಯಾರೂ ಕರೆದಿರಲಿಲ್ಲ, ಹತ್ತಿಗೆ ಎಣ್ಣೆ ಅದ್ದಿ ಒಬ್ಬೊಬ್ಬ ಹುಡುಗಿಯ ಮುಖದ ಬಣ್ಣವನ್ನೂ ಒರೆಸುತ್ತಿದ್ದಳು.

"ಮೋಕ್ಷಾ, ಯಲ್ಲಾ, ಏಳು, ಹೋಗುವ. ಪಪ್ಪ ಕಾರಲ್ಲಿ ಕಾಯ್ತಿದ್ದಾರೆ."

"ನಿಲ್ಲಮ್ಮ. ಟೀಚರ್ ಫಿನಿಶ್ ಮಾಡ್ಲಿ."

"ಮನೆಯಲ್ಲಿ ನಾನೇ ತೆಗೀತೇನೆ. ಅವಳ ಹತ್ರ ಎಂತ ನಿಂಗೆ?"

ಹುಡುಗಿ ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅಮ್ಮ, ನಿಂಗೆ ಡ್ಯಾನ್ಸ್ ಇಷ್ಟ ಆಯ್ತಾ?"

ಜ್ಯೋತ್ಸ್ನಾ ಹೂಗುಚ್ಛವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದಳು. ಸಫಿಯಾ ತಲೆಯೆತ್ತಿ ನೋಡಲೂ ಇಲ್ಲ.

ಬಣ್ಣ ಪೂರ್ತಿ ಹೋದ ಮೇಲೆ ಮೋಕ್ಷಾ ಎದ್ದು, ನಹ್ಲಾ ತನ್ನ ತಾಯಿಗೆ ನಮಸ್ಕರಿಸುವ ಹಾಗೆ, ಸಫಿಯಾಳ ಕೈಯನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತ ಅಮ್ಮನ ಪಕ್ಕದಿಂದ ಸರಿದು ಹೊರಗೆ ಹೋದಳು. ಎಸಿಯ ಗಾಳಿಗೆ ಹೂಗುಚ್ಛದ ಪ್ಲಾಸ್ಟಿಕ್ ಜ್ಯೋತ್ಸ್ನಾಳ ತೋಳಿನಲ್ಲಿ ಚರಚರ ಅನ್ನುತ್ತಿತ್ತು.