ಅಮ್ಮನ ಮರಕ್ಕೆ ಕಟ್ಟಿದ ಬಲ್ಬುಗಳು

ಅಟ್ಟೂರಿನಾಚೆ, ಕಾವಲಿನ ಕಾಡಿನಿಂದ ಕೆರೆಯ ತೋಪಿನವರೆಗೆ, ಹಳೇ ಗಾಡಿದಾರಿಯ ಪಕ್ಕ ಒಂದೇ ಸಾಲು ಹೊಂಗೆ ಮರಗಳು. ಕಾಡುಪಾಪಗಳು ಓಡಾಡಲು ಉಳಿದಿದ್ದ ದಾರಿ ಅದೊಂದೇ. ಗೇಣುದ್ದದ, ದುಂಡು ಕಣ್ಣಿನ ಆ ಪ್ರಾಣಿ ನೆಗೆಯುವುದಿಲ್ಲ. ಕೊಂಬೆ ಹಿಡಿದು ಕೊಂಬೆಗೆ ದಾಟುತ್ತದೆ. ನೆಲಕ್ಕಿಳಿದರೆ ನಾಯಿಗಳ ಪಾಲು. ಊರಿನವರನ್ನು ಸೇರಿಸಿಕೊಂಡು ಆ ಸಾಲನ್ನು ಉಳಿಸುವುದು ರಮಾಳ ಕೆಲಸ.

ಬಡಾವಣೆಯವರು ರಸ್ತೆಗೆಂದು ನಡುವಿನ ಮರ ಕಡಿಯಲು ಬರುವ ಸುದ್ದಿಯಿತ್ತು. ರಮಾ ಕರೆದ ಸಭೆಗೆ ಬಂದವಳು ಮುದುಕಿ ಬೈರಮ್ಮ ಒಬ್ಬಳೇ.

"ಮೀಟಿಂಗೆಲ್ಲಾ ಬ್ಯಾಡ ಕಣಮ್ಮ," ಎಂದಳು ಬೈರಮ್ಮ. "ಬುಡದಾಗೆ ಒಂದು ಕಲ್ಲು ನಿಲ್ಸಿ ಅಮ್ಮ ಅನ್ನಾನ. ಆಮೇಲೆ ಯಾವನ್ ಬತ್ತಾನೋ ಕಡಿಯಾಕೆ, ನೋಡೇಬಿಡಾನ."

ಇದು ಸರಿಯೋ ತಪ್ಪೋ ರಮಾಗೆ ತಿಳಿಯಲಿಲ್ಲ. ಬೇಡವೆನ್ನಲೂ ಇಲ್ಲ. ಕಡಿಯಲು ಬಂದವರು ಕಲ್ಲಿಗೆ ಕೈ ಮುಗಿದು ವಾಪಸ್ಸು ಹೋದರು.

ಆಮೇಲೆ ಅಮ್ಮನಿಗೆ ಟೈಲ್ಸ್ ಕಟ್ಟೆ ಬಂತು. ಹರಕೆ ಹೊತ್ತವರು ಮರಕ್ಕೊಂದು ಬಲ್ಬು ಕಟ್ಟುವ ರೂಢಿ ಶುರುವಾಯಿತು. ಕೋರಿಕೆ ಈಡೇರುವವರೆಗೆ ಅದು ಉರಿಯಬೇಕು. ವೈರುಗಳು ಕೊಂಬೆಯಿಂದ ಕೊಂಬೆಗೆ ಹಬ್ಬಿದವು. ವೈರು ಕಾಡುಪಾಪಗಳಿಗೆ ಅಪಾಯ, ತೆಗೆಸಿ ಎಂದು ಗುಡಿ ನೋಡಿಕೊಳ್ಳುವ ಪಿಳ್ಳಪ್ಪನಿಗೆ ರಮಾ ಹೇಳಿ ನೋಡಿದಳು.

"ನಿಮ್ ಪಾಪಕ್ಕೂ ದಾರಿ ಕಾಣ್ಲಿ ಬಿಡಿ ಮೇಡಂ," ಎಂದು ಅವನು ನಕ್ಕ. "ಕರೆಂಟ್ ಬಿಲ್ ಏನ್ ಅದ್ರತ್ರ ಕೇಳ್ತೀವಾ?"

ಒತ್ತಾಯಿಸಿದರೆ ಊರು ತಿರುಗಿಬಿದ್ದು ಮರಗಳೂ ಹೋದಾವೆಂದು ಹೆದರಿ ಅವಳು ಸುಮ್ಮನಾದಳು.

ಆಷಾಢದ ಒಂದು ಬೆಳಿಗ್ಗೆ ಬೈರಮ್ಮ ಫೋನ್ ಮಾಡಿದಳು. ರಮಾ ಹೋಗುವಷ್ಟರಲ್ಲಿ ಕಾಡುಪಾಪವನ್ನು ಇಳಿಸಿ ಬಾಳೆಲೆಯ ಮೇಲೆ ಮಲಗಿಸಿದ್ದರು. ಜಾಯಿಂಟ್ ಬಿಚ್ಚಿಕೊಂಡಿದ್ದ ವೈರನ್ನು ಅದು ಕೊಂಬೆಯ ಜೊತೆಗೇ ಹಿಡಿದಿತ್ತು. ಸುಟ್ಟ ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು.

ಪಿಳ್ಳಪ್ಪ ಈಗ ನಗಲಿಲ್ಲ. "ಅಮ್ಮನ ಮುಂದೆ ಇಂಗಾಗ್ಬಾರ್ದಿತ್ತು. ಇನ್ನೊಂದ್ ಜೀವ ಓಗಾಕೆ ಬಿಡಲ್ಲ ಮೇಡಂ. ಆ ಕಡೆ ಈ ಕಡೆ ಮರದಿಂದ ಬರೋ ಕೊಂಬೆ ಎಲ್ಲಾ ಕಡ್ದು ಇಳಿಸ್ಬಿಡ್ತೀವಿ. ಆಳಿಗೆ ಏಳಿ ಕಳ್ಸಾಯ್ತು."

"ಕೊಂಬೆ ಬೇಡ ಪಿಳ್ಳಪ್ಪನೋರೇ, ಅದೇ ಅವುಗಳ ದಾರಿ! ವೈರ್ ತೆಗೀರಿ. ಬೇಕಾದ್ರೆ ಕಂಬ ನಿಲ್ಸಿ ಕಟ್ಟೋಣ."

"ಅರಕೆ ಕಟ್ಕೊಂಡಿರಾದು ಮರಕ್ಕೆ, ಕಂಬಕ್ಕಲ್ಲ. ಒಂದೊಂದ್ ಬಲ್ಬೂ ಒಂದೊಂದ್ ಮನೇದು. ಯಾರ ಮನೆ ದೀಪ ಆರ್ಸಾನ, ನೀವೇ ಏಳಿ."

ರಮಾ ಬೈರಮ್ಮನ ಕಡೆ ತಿರುಗಿದಳು. ಬೈರಮ್ಮನ ಬಲ್ಬು ಆಸ್ಪತ್ರೆಯಲ್ಲಿದ್ದ ಮೊಮ್ಮಗಳಿಗಾಗಿ ಕಟ್ಟಿದ್ದು.

"ನಂದೊಂದ್ ಬಿಟ್ಬಿಡು ತಾಯಿ," ಎಂದು ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಕೂಸು ಮನೆಗ್ ಬರ್ಲಿ."

ರಮಾ ಬಾಳೆಲೆಯ ಅಂಚನ್ನು ಕಾಡುಪಾಪದ ಮೇಲೆ ಮಡಚಿದಳು.

ಮಧ್ಯಾಹ್ನದ ಹೊತ್ತಿಗೆ ಅಮ್ಮನ ಮರ ಒಂಟಿಯಾಗಿತ್ತು. ಎರಡೂ ಬದಿಯಲ್ಲಿ ಲಾರಿ ಹೋಗುವಷ್ಟು ಬರಿ ಆಕಾಶ. ಕಾವಲಿನ ಕಡೆಯ ಕಾಡುಪಾಪಗಳು ಇನ್ನು ಕಾವಲಿನಲ್ಲೇ, ಕೆರೆಯ ಕಡೆಯವು ತೋಪಿನಲ್ಲೇ. ಕೆರೆಯ ಕಡೆ ಇದ್ದವೇ ನಾಲ್ಕಾರು.

ಪಿಳ್ಳಪ್ಪ ಬೆವರು ಒರೆಸಿಕೊಳ್ಳುತ್ತ ಅವಳಿಗೆಂದು ಮಜ್ಜಿಗೆಯ ಲೋಟ ಹಿಡಿದು ಬಂದ.

"ಸಮಾಧಾನ ಆಯ್ತಾ ಮೇಡಂ? ಇನ್ಮೇಲೆ ಒಂದೂ ಈ ಮರಕ್ಕೆ ಬರಲ್ಲ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ರಮಾ ಲೋಟ ತೆಗೆದುಕೊಂಡು, "ಬರಲ್ಲ," ಎಂದಳು.