ಅಗಲ ಪಾದಕ್ಕೊಂದು ಜೊತೆ ಶೂ

ಹಿತ್ತಲ ಮೆಟ್ಟಿಲ ಮೇಲೆ ತಂಗಿಯ ಶೂ ಒಣಗಲು ಇಟ್ಟಿತ್ತು. ನೀಲಿ ಬಣ್ಣದ್ದು, ಗುಡ್ಡದ ಕಲ್ಲುದಾರಿಯಲ್ಲಿ ಓಡುವುದಕ್ಕೆಂದೇ ಮಾಡಿದ್ದು. ಅಕ್ಕ ಅದನ್ನು ಬಿಸಿಲಿಗೆ ಸರಿಸೋಣವೆಂದು ಎತ್ತಿಕೊಂಡವಳು ಹಾಗೇ ನಿಂತಳು. ಬಲಗಾಲಿನ ಶೂವಿನ ಕಿರುಬೆರಳ ಮಗ್ಗುಲನ್ನು ಬ್ಲೇಡಿನಿಂದ ಸೀಳಲಾಗಿತ್ತು. ಸೀಳಿದ ಜಾಗಕ್ಕೆ ಒಂದು ಹಸಿರು ಬಟ್ಟೆಯ ತೇಪೆ. ಹೊಲಿಗೆ ಕೋಳಿ ಕೆದರಿದ ಹಾಗಿತ್ತು. ಬಟ್ಟೆ ಮಾತ್ರ ಅವಳದೇ ಚಿಂದಿ ಚೀಲದ್ದು. ಹೋದ ತಿಂಗಳು ಟೀಚರಮ್ಮನ ರವಿಕೆ ಹೊಲಿದು ಉಳಿದದ್ದು.

ಅಕ್ಕ ದರ್ಜಿ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅವಳ ಮಿಷನ್ನು. ಯಾರ ಬಟ್ಟೆ ಹೊಲಿದರೂ ಒಳಗಡೆ ಎರಡು ಬೆರಳು ಹೆಚ್ಚುವರಿ ಬಟ್ಟೆ ಬಿಟ್ಟೇ ಬಿಡುತ್ತಿದ್ದಳು. ಮೈ ಬಂದಾಗ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು. ಸೊಂಟದ ಅಳತೆಯನ್ನು ಎಂದೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಟೇಪು ಸುತ್ತಿ, ಕಣ್ಣಲ್ಲೇ ಓದಿ, ಸುಮ್ಮನೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಊರ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದುದು ಅರ್ಧ ಇದಕ್ಕೇ.

ತಂಗಿ ಗುಡ್ಡದ ಬೆಂಕಿ ಕಾವಲಿನವಳು. ಬೇಸಿಗೆಯಲ್ಲಿ ಎಲ್ಲಾದರೂ ಹೊಗೆ ಎದ್ದರೆ ಹಸಿ ಸೊಪ್ಪಿನ ಕಂತೆ ಹಿಡಿದು ಮೊದಲು ಓಡಬೇಕಾದವರಲ್ಲಿ ಒಬ್ಬಳು. ಬೇಸಿಗೆ ಮುಗಿದರೆ ಕೆಲಸವೂ ಮುಗಿಯಿತು. ವರ್ಷವಿಡೀ ಕೆಲಸ ಬೇಕೆಂದರೆ ಅರಣ್ಯ ಇಲಾಖೆ ನಡೆಸುವ, ಗುಡ್ಡದ ನೆತ್ತಿ ಮುಟ್ಟಿ ಬರುವ ಓಟದಲ್ಲಿ ಗೆಲ್ಲಬೇಕು. ಆ ಓಟ ಬರುವ ವಾರ ಇತ್ತು.

ಅಕ್ಕತಂಗಿಯರಿಬ್ಬರದೂ ಅಮ್ಮನ ಪಾದ. ಹಿಮ್ಮಡಿ ಸಣ್ಣದು, ಮುಂದೆ ಬೆರಳುಗಳ ಹತ್ತಿರ ಮೊರದ ಹಾಗೆ ಹರಡಿಕೊಂಡದ್ದು. ಚಿಕ್ಕವರಿದ್ದಾಗ ಒಂದೇ ಜೊತೆ ಚಪ್ಪಲಿಯಲ್ಲಿ ಇಬ್ಬರೂ ಸರದಿಯ ಮೇಲೆ ಪೇಟೆಗೆ ಹೋಗಿ ಬಂದದ್ದುಂಟು. ಹಾಗಾಗಿ ಓಟಕ್ಕೆ ಶೂ ಕೊಳ್ಳಬೇಕಾದಾಗ, ಕಾವಲು ಬಿಟ್ಟು ಬರಲಾಗದ ತಂಗಿ, "ಅಕ್ಕಾ, ನೀನೇ ಹಾಕಿ ನೋಡಿ ತಗೊಂಡು ಬಾ. ನಿನ್ನ ಕಾಲೇನು, ನನ್ನ ಕಾಲೇನು," ಎಂದಿದ್ದಳು.

ಆ ದಿನ ಅಂಗಡಿಯಲ್ಲಿ ನಡೆದದ್ದು ಅಕ್ಕನಿಗೆ ಮರೆತಿರಲಿಲ್ಲ, ಮರೆತಂತೆ ಇದ್ದಳು ಅಷ್ಟೆ. ಅಂಗಡಿಯವನು ಮೊದಲು ತಂದದ್ದು ಕೆಸರಿನ ಬಣ್ಣದ ಒಂದು ಜೊತೆ. ದಪ್ಪ ಅಟ್ಟೆ, ಕಲ್ಲು ಕಚ್ಚುವಂಥ ಹಲ್ಲುಗಳು, ಮೂತಿ ಅಗಲ. "ಕಲ್ಲು ಮುಳ್ಳು ಯಾವುದಕ್ಕೂ ಜಗ್ಗಲ್ಲ. ನಿಮ್ಮಂಥ ಅಗಲ ಕಾಲಿಗೇ ಮಾಡಿದ್ದು," ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದ. ಪಕ್ಕದ ಬೆಂಚಿನಲ್ಲಿ ಟೀಚರಮ್ಮ ಕೂತಿದ್ದರು. "ಅಯ್ಯೋ, ಇಷ್ಟು ನಾಜೂಕಾಗಿ ಹೊಲಿಯೋಳ ಕಾಲಾ ಇದು! ಬಾತುಕೋಳಿ ಪಾದ ಇದ್ದ ಹಾಗಿದೆಯಲ್ಲೇ," ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಅಕ್ಕ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. ನೀಲಿಯದನ್ನು ತೋರಿಸಿ, "ಅದು ಕೊಡಿ," ಎಂದಳು.

ಕೂತಲ್ಲೇ ಬೆರಳು ಮುದುರಿ ತೂರಿಸಿದಳು. ಹೋಯಿತು. "ಎದ್ದು ನಿಂತು ನೋಡಿ, ನಾಲ್ಕು ಹೆಜ್ಜೆ ನಡೀರಿ," ಎಂದ ಅಂಗಡಿಯವನು. "ಸರಿ ಇದೆ," ಎಂದಳು. ಬಿಗಿ ಇದೆ ಎಂದು ಆಗಲೇ ಗೊತ್ತಿತ್ತು. ಹಾಕ್ತಾ ಹಾಕ್ತಾ ಬಿಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಎಲ್ಲಾದರೂ ಬಿಚ್ಚಿ ಸಡಿಲ ಮಾಡಿದರಾಯಿತು ಎಂದು ದರ್ಜಿಯ ಬುದ್ಧಿಯಲ್ಲಿ ಅಂದುಕೊಂಡಳು. ಶೂವಿಗೆ ಒಳಗಡೆ ಯಾರೂ ಬಟ್ಟೆ ಬಿಟ್ಟಿರುವುದಿಲ್ಲ.

ತಂಗಿ ಸಂಜೆ ಕಾವಲಿನಿಂದ ಬಂದಾಗ ಅಕ್ಕ ತೇಪೆಯ ಶೂವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಏನೇ ಇದು?"

"ಕಲ್ಲಿಗೆ ತಾಗಿ ಹರೀತು."

"ಕಲ್ಲು ಇಷ್ಟು ನೆಟ್ಟಗೆ ಕತ್ತರಿಸುತ್ತಾ? ಹಂಗಿದ್ರೆ ಆ ಕಲ್ಲನ್ನ ನನ್ನ ಕೆಲಸಕ್ಕೆ ಇಟ್ಕೋತೀನಿ. ಎಲ್ಲಿ, ಕಾಲು ತೋರಿಸು."

"ಬಿಡಕ್ಕಾ. ಕಾಲಲ್ಲೇನು ನೋಡ್ತೀಯಾ."

ಅಕ್ಕ ಬಿಡಲಿಲ್ಲ. ಹಳೆ ಚಪ್ಪಲಿ ಕಳಚಿ, ಕಾಲುಚೀಲ ಎಳೆದಳು. ಎರಡು ಬೆರಳಿನ ಉಗುರುಗಳು ಕಪ್ಪಾಗಿದ್ದವು. ಕಿರುಬೆರಳಿಗೆ ಉಗುರೇ ಇರಲಿಲ್ಲ. ಮಗ್ಗುಲಲ್ಲಿ ಬೊಕ್ಕೆ ಒಡೆದು, ಅದರ ಮೇಲೆ ಮತ್ತೆ ಬೊಕ್ಕೆ ಎದ್ದಿತ್ತು.

"ಒಂದು ಮಾತು ಹೇಳಬಾರದಾ ನನಗೆ?"

ತಂಗಿ ಕಾಲು ಹಿಂದಕ್ಕೆಳೆದುಕೊಂಡಳು. "ಏನಂತ ಹೇಳ್ಲಿ? ನೀನು ಹಾಕಿ ನೋಡಿ ತಂದಿದ್ದು. ನಿನಗೆ ಸರಿ ಅಂದ್ಮೇಲೆ ನನಗೂ ಸರಿ ಇರಬೇಕಲ್ಲ. ಕಾವಲಲ್ಲಿ ಓಡಿ ಓಡಿ ನನ್ನ ಕಾಲೇ ಇನ್ನಷ್ಟು ಅಗಲ ಆಗಿದೆ ಅಂದ್ಕೊಂಡೆ. ಅದಕ್ಕೆ ಬಿಚ್ಚಿ ಹೊಲ್ಕೊಂಡೆ, ನೀನು ಮಾಡ್ತೀಯಲ್ಲ, ಹಂಗೆ."

ಇಲ್ಲ ಕಣೇ, ನಿನ್ನ ಕಾಲಲ್ಲಿ ಏನೂ ತಪ್ಪಿಲ್ಲ ಎನ್ನಬೇಕಿತ್ತು ಅಕ್ಕ. ಎನ್ನಲಿಲ್ಲ. ಎದ್ದು ಉಗುರುಬೆಚ್ಚಗಿನ ನೀರು ತಂದು ಕಾಲು ತೊಳೆದಳು. ತಂಗಿಗೆ ಮುಜುಗರವಾಯಿತು. "ಏನಕ್ಕಾ, ಮದುವಣಗಿತ್ತಿ ಮಾಡ್ತೀಯಾ ನನ್ನ?" ಎಂದು ನಗಿಸಲು ನೋಡಿದಳು. ಅಕ್ಕ ತಲೆ ಎತ್ತಲಿಲ್ಲ.

"ನಾಳೆ ಸಂಜೆ ರಜ ಕೇಳು. ಇಬ್ಬರೂ ಅಂಗಡಿಗೆ ಹೋಗೋಣ."

ಮರುದಿನ ಅಂಗಡಿಯವನು ತಕ್ಷಣ ಗುರುತು ಹಿಡಿದ. ತೇಪೆಯ ಶೂವನ್ನು ತಿರುಗಿಸಿ ನೋಡಿ ಲೊಚಗುಟ್ಟಿದ. "ನಾನು ಅವತ್ತೇ ಹೇಳಿದೆನಲ್ಲಮ್ಮಾ. ಅಗಲದ್ದು ಮುಂದೆ ಇಟ್ಟರೆ ನೀವು ಕಾಲನ್ನೇ ಇಡಲಿಲ್ಲ. ಎದ್ದು ನಿಲ್ಲಿ ಅಂದ್ರೆ ನಿಲ್ಲಲಿಲ್ಲ. ಈಗ ಸೀಳಿಕೊಂಡು ಬಂದಿದ್ದೀರಿ, ನಾನು ಇದನ್ನ ವಾಪಸ್ ತಗೊಳ್ಳೋದು ಹೇಗೆ?"

ತಂಗಿ ಅಕ್ಕನ ಕಡೆ ನೋಡಿದಳು.

"ವಾಪಸ್ ಬೇಡ," ಎಂದಳು ಅಕ್ಕ. ಆಮೇಲೆ ತಂಗಿಗೆ, ಅಂಗಡಿಯವನಿಗೂ ಕೇಳಲಿ ಎಂಬಂತೆ, "ಹೌದು. ನಾನು ನಿಂತು ನೋಡಲಿಲ್ಲ. ಬಿಗಿ ಅಂತ ಗೊತ್ತಿತ್ತು. ಟೀಚರಮ್ಮ ಬಾತುಕೋಳಿ ಅಂದ್ರು, ನಾಚಿಕೆ ಆಯ್ತು. ನಿನ್ನ ಕಾಲು ನೆಟ್ಟಗೇ ಇದೆ," ಎಂದಳು.

ತಂಗಿ ಬೆಂಚಿನ ಮೇಲೆ ಕೂತು ಕಾಲು ಮುಂದಿಟ್ಟಳು. ಕೆಸರು ಬಣ್ಣದ ಜೊತೆ ಬಂತು. ದಪ್ಪ ಕಾಲುಚೀಲದ ಮೇಲೇ ಹಾಕಿಕೊಂಡು ಎದ್ದು ನಿಂತಳು. ಅಂಗಡಿಯವನು ಹೆಬ್ಬೆರಳಿನಿಂದ ಒತ್ತಿ ತುದಿಯಲ್ಲಿ ಜಾಗ ನೋಡಿದ. ಹಿಮ್ಮಡಿ ಮೇಲೇಳುತ್ತದೆಯೇ ನೋಡಿದ. ಅವಳು ಹೊರಗಿನ ಇಳಿಜಾರಿನಲ್ಲಿ ಏರಿ ಇಳಿದು ಬಂದಳು. ಇಳಿಯುವಾಗ ಬೆರಳು ಮುಂದಕ್ಕೆ ಬಡಿಯಲಿಲ್ಲ. ಮುಖ ಸಡಿಲಾಯಿತು. ಬಂದವಳೇ ಶೂ ಬಿಚ್ಚಿ ಅಕ್ಕನ ಮುಂದಿಟ್ಟಳು.

"ಈಗ ನೀನು ಹಾಕು."

"ನನಗ್ಯಾಕೆ?"

"ಹಾಕು. ನಿಂತ್ಕೋ."

ಅಕ್ಕ ಹಾಕಿಕೊಂಡು, ಎಲ್ಲರೂ ನೋಡುವಂತೆ, ಪೂರಾ ಭಾರ ಬಿಟ್ಟು ನಿಂತಳು. ಬೆರಳುಗಳು ತಾವಾಗಿ ಹರಡಿಕೊಂಡವು.

"ಸರಿ ಇದೆಯಾ?" ಎಂದು ಕೇಳಿದಳು ತಂಗಿ.

"ಸರಿ ಇದೆ."

"ಈ ಸಲ ನಂಬ್ತೀನಿ," ಎಂದಳು ತಂಗಿ. ನಗುತ್ತ ಹೇಳಿದಳೋ ಹೇಗೋ, ಅಕ್ಕನಿಗೆ ತಿಳಿಯಲಿಲ್ಲ.

ಓಟದ ದಿನದ ಹೊತ್ತಿಗೆ ಗಾಯ ಮಾಯಲಿಲ್ಲ. ಕಾವಲಿನ ಮೇಸ್ತ್ರಿ ಬೆರಳು ನೋಡಿ, "ಈ ಕಾಲಲ್ಲಿ ಇಳಿಜಾರು ಇಳಿದರೆ ನಿನ್ನನ್ನ ಹೊತ್ಕೊಂಡು ಬರೋಕೆ ಇಬ್ಬರು ಬೇಕು. ಮುಂದಿನ ವರ್ಷ ನೋಡೋಣ ಮಗಾ," ಎಂದರು. ತಂಗಿಯ ಕೈಗೆ ನೀರಿನ ಕೊಡ ಕೊಟ್ಟರು, ಓಡಿ ಬಂದವರಿಗೆ ಕುಡಿಸಲು.

ಅಕ್ಕ ಮಿಷನ್ನಿಗೆ ಹೊದಿಕೆ ಹಾಕಿ ಗುಡ್ಡದ ಬುಡಕ್ಕೆ ಹೋಗಿದ್ದಳು. ಅಲ್ಲಿದ್ದ ಟೀಚರಮ್ಮ, "ನಿನ್ನ ತಂಗಿ ಯಾಕೆ ಓಡ್ತಿಲ್ಲ? ಕಾಲಿಗೇನಾಯ್ತು?" ಎಂದು ಕೇಳಿದರು.

"ನಾನು ತಂದ ಶೂ ಬಿಗಿಯಾಯ್ತು," ಎಂದಳು ಅಕ್ಕ. "ನಮ್ಮದು ಅಗಲ ಪಾದ."

ಓಡಿದವರು ಒಬ್ಬೊಬ್ಬರಾಗಿ ಕೆಂಪು ಧೂಳು ಮೆತ್ತಿಕೊಂಡು ಇಳಿದು ಬರುತ್ತಿದ್ದರು. ತಂಗಿ ಲೋಟ ತುಂಬಿ ತುಂಬಿ ಕೊಡುತ್ತಿದ್ದಳು. ಅವಳ ಕಾಲಲ್ಲಿ ಕೆಸರು ಬಣ್ಣದ ಶೂ, ದಾರ ಸಡಿಲವಾಗಿ ಕಟ್ಟಿದ್ದು. ಅದರ ಹಲ್ಲುಗಳ ಸಂದಿಗೆ ಇನ್ನೂ ಗುಡ್ಡದ ಮಣ್ಣು ಹತ್ತಿರಲಿಲ್ಲ. ಅಕ್ಕ ಹೋಗಿ ಇನ್ನೊಂದು ಕೊಡ ಎತ್ತಿಕೊಂಡಳು.