ಥೆಲ್ಮಾ ಅವರ ಕುಂಡ

ವಿಲ್ಫ್ರೆಡ್ ಅವರ ಗಾಜಿನ ಮನೆಯಲ್ಲಿ ಜನವರಿಯ ಚಳಿಗೇ ಆರು ಕುಂಡಗಳು ಅರಳಿದ್ದವು. ಬೆರಳುದ್ದದ ಡ್ಯಾಫೊಡಿಲ್‌ಗಳು, ಪ್ರತಿ ಹೂವೂ ಲಂಗ ಹರಡಿದಂತೆ, ತೆಳು ಹಳದಿ. ಅವರು ತೀರಿಕೊಂಡ ಮೇಲೆ ಎರಡು ವರ್ಷ ನೀರು ಹಾಕಿದವನು ಪಕ್ಕದ ಮನೆಯ ನಾನು. ಈಗ ಅವರ ಹೆಂಡತಿ ಥೆಲ್ಮಾ ಮನೆ ಖಾಲಿ ಮಾಡಿ, ಮರುದಿನ ಯಾರ್ಕ್‌ನಲ್ಲಿರುವ ತಂಗಿಯ ಮನೆಗೆ ಹೊರಡುವವರಿದ್ದರು. ಅಲ್ಲಿನ ಕಿಟಕಿಯಲ್ಲಿ ಒಂದೇ ಕುಂಡಕ್ಕೆ ಜಾಗ.

“ನನ್ನದೇ ಬೇಕು ಕಣಪ್ಪ. ಹುಬ್ಬು ತೀಡೋ ಬ್ರಷ್‌ನಲ್ಲಿ ನಾನೇ ಒಂದ್ ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸಿದ್ದು. ಬೀಜ ಹಾಕಿ ಐದು ವರ್ಷ ಕಾದ್ವಿ. ಹೂ ಬಿಟ್ಟಾಗ ಆ ಮಹಾರಾಯ ಒಂದ್ ಮಾತೂ ಆಡ್ಲಿಲ್ಲ.”

ಕುಂಡಗಳಲ್ಲಿ ಚುಚ್ಚಿದ್ದ ಹೆಸರಿನ ಲೇಬಲ್‌ಗಳ ಶಾಯಿ ಬಿಸಿಲಿಗೆ ಅಳಿಸಿಹೋಗಿತ್ತು. ಎಲೆ ನೋಡಿದೆ, ಕೇಸರಗಳ ಉದ್ದ ನೋಡಿದೆ. ಆರರಲ್ಲಿ ಅವರದು ಯಾವುದೆಂದು ಅವರಿಗೂ ನನಗೂ ತಿಳಿಯಲಿಲ್ಲ.

“ಸಸ್ಯಶಾಸ್ತ್ರ ಓದಿದೀಯಂತೆ! ಫೀಸು ವಾಪಸ್ ಕೇಳು, ಹೋಗು.”

ಆಗ ನೆನಪಾಯಿತು. ಹಳೆಯ ಬೆಳೆಗಾರರು ಪೆನ್ಸಿಲಿನಲ್ಲಿ ಬರೆದ ಇನ್ನೊಂದು ಲೇಬಲನ್ನು ಕುಂಡದ ಅಂಚಿನ ಮಣ್ಣಿನಲ್ಲಿ ಹೂತಿಡುತ್ತಾರೆ. ಅಲ್ಲಿ ಅದನ್ನು ಹಕ್ಕಿ ಕೀಳುವುದಿಲ್ಲ, ಬಿಸಿಲು ತಾಕುವುದಿಲ್ಲ. ಒಂದೊಂದೇ ಕುಂಡದಲ್ಲಿ ಬೆರಳಿಳಿಸಿ ತೆಗೆದು ಓದಿದೆ. ನಾಲ್ಕನೆಯದನ್ನು ಅವರ ಕೈಗಿಟ್ಟೆ.

‘ಥೆಲ್ಮಾ ಮಾಡಿದ್ದು. ಇಲ್ಲಿರುವ ಎಲ್ಲಕ್ಕಿಂತ ಚೆಂದ.’

ಅವರು ಲೇಬಲಿನ ಮಣ್ಣು ಒರೆಸಿ, ಗಂಡನ ಅಕ್ಷರವನ್ನು ಮತ್ತೊಮ್ಮೆ ಓದಿದರು.

“ನಂಗೆ ಹೇಳೋದ್ ಬಿಟ್ಟು ಮಣ್ಣಿಗೆ ಹೇಳಿದಾನೆ ನೋಡು,” ಎಂದು ಕೊನೆಗೆ ನಕ್ಕರು. “ಪೆನ್ಸಿಲ್ ಇದ್ಯಾ?”

ಕೊಟ್ಟೆ. ಲೇಬಲಿನ ಹಿಂದೆ, ‘ಈಗ ಓದಿದೆ, ವಿಲ್ಫ್. ಥ್ಯಾಂಕ್ಸ್,’ ಎಂದು ಬರೆದು, ಅದನ್ನು ಮೊದಲಿದ್ದ ಜಾಗದಲ್ಲೇ ಹೂತರು. ಉಳಿದ ಐದು ಕುಂಡಗಳನ್ನು ನನ್ನ ಕಡೆಗೆ ಸರಿಸಿದರು.